ತಾಯಿಮರದ ಸಂಖ್ಯೆ

ಸಸ್ಯೋದ್ಯಾನದ ಸಂರಕ್ಷಣಾ ವಿಭಾಗಕ್ಕೆ ಸೇರಬಯಸುವ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು, ಎಷ್ಟು ಗಿಡಗಳ ವೈಜ್ಞಾನಿಕ ಹೆಸರು ಗೊತ್ತಿರಬೇಕು ಎಂದು. ಆಗೆಲ್ಲ ನನ್ನ ಕಣ್ಣಮುಂದೆ ಬರುವುದು ನಮ್ಮ ನರ್ಸರಿಯ ಮೂರನೆಯ ಬೆಂಚು.

ಅಳಿವಿನಂಚಿನ ಒಂದು ಕಾಡುಮರದ ಬೀಜಗಳನ್ನು 9 ತಾಯಿಮರಗಳಿಂದ ಬೇರೆಬೇರೆಯಾಗಿ ಸಂಗ್ರಹಿಸಿ ತಂದಿದ್ದೆವು. ಒಂದೊಂದು ಮರಕ್ಕೂ ಒಂದೊಂದು ನೋಂದಣಿ ಸಂಖ್ಯೆ, ಒಂದೊಂದು ಹರ್ಬೇರಿಯಂ ಹಾಳೆ (ಮರದ ಎಲೆಗಳನ್ನು ಒಣಗಿಸಿ ಅಂಟಿಸಿದ ದಾಖಲೆ), ಒಂದೊಂದು ಟ್ರೇ. ಲೇಬಲ್ ಬರೆಯುವ ದಿನ ನಮ್ಮ ಹಿರಿಯ ಮಾಲಿ, "ಪೆನ್ಸಿಲಿನಲ್ಲೇ ಬರೆಯಿರಿ, ಬಿಸಿಲಿಗೆ ಅದು ಮಾಸುವುದಿಲ್ಲ" ಎಂದು ಎರಡು ಸಲ ಹೇಳಿದರು. ಮರುವಾರ ಮೇಲಧಿಕಾರಿಗಳ ಭೇಟಿಯಿದ್ದುದರಿಂದ ಅಕ್ಷರಗಳು ದೂರಕ್ಕೂ ಎದ್ದು ಕಾಣಲೆಂದು ನಾನು ಕಪ್ಪು ಮಾರ್ಕರ್ ಹಿಡಿದೆ. ಪೆನ್ನಿನ ಮೇಲೆ ಅಚ್ಚಾಗಿದ್ದ 'ಪರ್ಮನೆಂಟ್' ಎಂಬ ಪದವನ್ನು ನಂಬಿದೆ; ಜೀವಮಾನವನ್ನೇ ನರ್ಸರಿಯಲ್ಲಿ ಕಳೆದವರ ಮಾತನ್ನು ಕೇಳಲಿಲ್ಲ.

ಹದಿನಾಲ್ಕು ತಿಂಗಳ ನಂತರ ಸಸಿಗಳನ್ನು ಕಾಡಿಗೆ ಒಯ್ಯುವ ವಾಹನ ಬಂದು ನಿಂತಿತು. ಪಟ್ಟಿ ಹಿಡಿದು ಬೆಂಚಿನ ಬಳಿ ಹೋದರೆ, ಬಿಸಿಲಿನ ಕಡೆಗಿದ್ದ 4 ಟ್ರೇಗಳ ಲೇಬಲ್‌ಗಳು ಬಿಳಿ ಪಟ್ಟಿಗಳಾಗಿದ್ದವು. ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಪೆನ್ಸಿಲಾಗಿದ್ದರೆ ಒತ್ತಿದ ಗೀರಾದರೂ ಉಳಿಯುತ್ತಿತ್ತು. ಮಾರ್ಕರ್ ಏನನ್ನೂ ಉಳಿಸಿರಲಿಲ್ಲ. ಬುಡಕೊಳೆ ಕಾಣಿಸಿಕೊಂಡಾಗ ಟ್ರೇಗಳನ್ನು ಒಮ್ಮೆ ಬೇರೆಡೆಗೆ ಸಾಗಿಸಿ ಮರಳಿ ತಂದಿದ್ದೆವು, ಆದರೆ ಮರಳಿ ಇಟ್ಟ ಕ್ರಮವನ್ನು ಯಾರೂ ಬರೆದಿಡಲಿಲ್ಲ. ಹೊರಗಿನಿಂದ "ಆಯಿತೇ?" ಎಂದು ಎರಡನೆಯ ಸಲ ಕರೆದರು. ಎಲೆಯ ಅಗಲವನ್ನು, ಕಾಂಡದ ಬಣ್ಣವನ್ನು ಹೋಲಿಸಿ ನೋಡಿದೆ; ಎಲ್ಲವೂ ಒಂದೇ ತೆರನಾಗಿದ್ದವು. ಕೊನೆಗೆ, ಮೊದಲಿದ್ದ ಕ್ರಮದಲ್ಲೇ ಮರಳಿ ಇಟ್ಟಿರಬೇಕೆಂದು ನನಗೆ ನಾನೇ ಹೇಳಿಕೊಂಡು ನಾಲ್ಕು ಹೊಸ ಲೇಬಲ್‌ಗಳ ಮೇಲೆ ನಾಲ್ಕು ಸಂಖ್ಯೆಗಳನ್ನು ಬರೆದೆ. ಬರೆಯುವಾಗ ಕೈ ನಡುಗಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಹೆಚ್ಚು ಕಾಡುತ್ತದೆ.

ರಾತ್ರಿಯಿಡೀ ನಿದ್ರೆ ಬರಲಿಲ್ಲ. ಬೆಳಿಗ್ಗೆ ವಿಭಾಗದ ಮುಖ್ಯಸ್ಥರಿಗೆ ನಡೆದುದನ್ನು ಹೇಳಿದೆ. ನೆಡುವ ಕೆಲಸ ಇನ್ನೂ ಆರಂಭವಾಗಿರದಿದ್ದ ಕಾರಣ ಆ 4 ಟ್ರೇಗಳ 112 ಸಸಿಗಳು ಹಿಂದಿರುಗಿದವು. ಅವುಗಳ ನಾಲ್ಕು ತಾಯಿಮರಗಳಲ್ಲಿ ಒಂದು ಅಷ್ಟರಲ್ಲಿ ಮಳೆಗಾಲದ ಗಾಳಿಗೆ ಉರುಳಿಬಿದ್ದಿತ್ತು. ಅದರ ಸಂತತಿ ಈ 112ರಲ್ಲಿ ಎಲ್ಲೋ ಇದೆ. ಯಾವುದೆಂದು ತೋರಿಸಲು ನನಗೆ ಸಾಧ್ಯವಿಲ್ಲ.

ಸಸಿ ಬದುಕಿದ್ದರೆ ಸಾಲದೇ ಎಂದು ಹೊಸಬರು ಕೇಳುತ್ತಾರೆ. ಅವರಿಗೆ ನಾನು ಎನ್ಸೆಫಲಾರ್ಟಸ್ ವುಡಿ ಎಂಬ ಸೈಕಾಡ್‌ನ ಕಥೆ ಹೇಳುತ್ತೇನೆ. ಸೈಕಾಡ್ ಎಂದರೆ ತಾಳೆಯಂತೆ ಕಾಣುವ, ಗಂಡು ಹೆಣ್ಣು ಬೇರೆಬೇರೆ ಗಿಡಗಳಾಗಿರುವ ಪ್ರಾಚೀನ ಸಸ್ಯವರ್ಗ. 1895ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಸ್ಯವಿಜ್ಞಾನಿ ಜಾನ್ ಮೆಡ್ಲಿ ವುಡ್ ಅವರಿಗೆ ಸಿಕ್ಕಿದ್ದು ಒಂದೇ ಗಂಡು ಸಸ್ಯ. ಇಂದು ಹಲವು ಉದ್ಯಾನಗಳಲ್ಲಿ ಅದು ಸೊಂಪಾಗಿ ಬೆಳೆದಿದ್ದರೂ ಎಲ್ಲವೂ ಆ ಒಂದೇ ಸಸ್ಯದ ಕವಲುಗಳು. ಹೆಣ್ಣು ಸಿಗದ ಕಾರಣ ಅದಕ್ಕೆ ತನ್ನದೇ ಶುದ್ಧ ಬೀಜವಿಲ್ಲ. ನಮ್ಮ ಕಾಡುಮರದಲ್ಲೂ ಒಂದೇ ತಾಯಿಯ ಸಸಿಗಳನ್ನು ಅರಿಯದೆ ಒಂದೇ ಕಡೆ ನೆಟ್ಟರೆ, ಮುಂದೆ ಅವು ತಮ್ಮತಮ್ಮಲ್ಲೇ ಪರಾಗಸ್ಪರ್ಶಗೊಂಡು ತಲೆಮಾರಿನಿಂದ ತಲೆಮಾರಿಗೆ ಸೊರಗುವ ಅಪಾಯವಿದೆ. ಅದನ್ನು ತಡೆಯಲು ನಮ್ಮ ಕೈಯಲ್ಲಿದ್ದುದು ಆ ಲೇಬಲ್ ಒಂದೇ.

ಆಡಳಿತದವರ ಬಗ್ಗೆಯೂ ನನಗೆ ಅಸಮಾಧಾನವಿದೆ. ವಿಶ್ವಸಂಸ್ಥೆಯ ಜೀವವೈವಿಧ್ಯ ಒಪ್ಪಂದದಡಿ ರೂಪುಗೊಂಡ ಜಾಗತಿಕ ಸಸ್ಯ ಸಂರಕ್ಷಣಾ ಕಾರ್ಯತಂತ್ರವು 2020ಕ್ಕೆ ಇಟ್ಟ ಗುರಿಯಲ್ಲಿ ಎರಡು ಭಾಗಗಳಿದ್ದವು: ಅಳಿವಿನ ಭೀತಿಯಲ್ಲಿರುವ ಪ್ರಭೇದಗಳಲ್ಲಿ ಕನಿಷ್ಠ ಶೇ. 75ರಷ್ಟು ಉದ್ಯಾನ, ಬೀಜ ಬ್ಯಾಂಕುಗಳಂತಹ ಸಂಗ್ರಹಗಳಲ್ಲಿರಬೇಕು, ಕನಿಷ್ಠ ಶೇ. 20ರಷ್ಟು ಕಾಡಿನಲ್ಲಿ ಮರುಸ್ಥಾಪನೆಗೆ ಒದಗಬೇಕು. ವಾರ್ಷಿಕ ವರದಿಯಲ್ಲಿ ಎಣಿಸಲು ಸುಲಭವಾದ ಮೊದಲ ಭಾಗವನ್ನೇ ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಸಾಧ್ಯವಾಗಿಸುವ ದಾಖಲೆಗಾರರ ಹುದ್ದೆ ನಮ್ಮಲ್ಲಿ ಇನ್ನೂ ಖಾಲಿಯಿದೆ. ನಮ್ಮ ತಂತ್ರಾಂಶವಂತೂ 'ಮೂಲ ಅಜ್ಞಾತ' ಎಂದು ಬರೆಯಲು ಬಿಡುವುದಿಲ್ಲ, ಏನಾದರೊಂದು ಸಂಖ್ಯೆ ತುಂಬಿದರೆ ಮಾತ್ರ ಮುಂದೆ ಹೋಗುತ್ತದೆ.

ಆ 112 ಸಸಿಗಳ ಎಲೆತುಣುಕುಗಳನ್ನು ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಒಣಗಿಸಿ, ಪೊಟ್ಟಣಗಳ ಮೇಲೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆದಿಟ್ಟಿದ್ದೇನೆ. ಉರುಳಿದ ಮರದ ಎಲೆಗಳು ಹರ್ಬೇರಿಯಂ ಹಾಳೆಯಲ್ಲಿವೆ. ಡಿಎನ್ಎ ಹೋಲಿಕೆಗೆ ಅನುದಾನ ಕೋರಿದ ಕಡತ ಮೂರನೆಯ ಬಾರಿ ಹಿಂದಿರುಗಿ ಬಂದಿದೆ. ಈ ವಾರ ಮತ್ತೆ ಕಳುಹಿಸುತ್ತಿದ್ದೇನೆ.