ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್: ಒಂದು ದಿನದ ಧ್ವನಿಮುದ್ರಣದ ಹಿಂದೆ

ರಾಕ್ ಸಂಗೀತದ ಮಾತು ಬಂದಲ್ಲೆಲ್ಲ, ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಒಂದೇ ದಿನದಲ್ಲಿ ಮುದ್ರಣವಾಯಿತು ಎಂಬುದನ್ನು ಯಾರಾದರೊಬ್ಬರು ಪವಾಡವೆಂಬಂತೆ ಹೇಳದೆ ಬಿಡುವುದಿಲ್ಲ. ಸಂಗತಿಯೇನೋ ನಿಜ. 1969ರ ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ನಾಲ್ವರು ಹುಡುಗರು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋಗೆ ಬಂದು, ಸುಮಾರು 12 ಗಂಟೆಗಳಲ್ಲಿ ಹಾಡುಗಳನ್ನೆಲ್ಲ ನುಡಿಸಿ ಮುಗಿಸಿದರು. ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ಇನ್ನೊಂದು ದಿನ ಹಿಡಿಯಿತು. ಆ 12 ಗಂಟೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದವರಿಗೆ ಅದು ಪವಾಡವಾಗಿಯೇ ಕಾಣುತ್ತದೆ. ಆದರೆ ಅದಕ್ಕೂ ಹಿಂದಿನ ಒಂದು ವರ್ಷದಲ್ಲಿ ಅವರು ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ನುಡಿಸಿದ್ದರು ಎಂಬುದನ್ನು ಗಮನಿಸಿದರೆ, ಸ್ಟುಡಿಯೋದಲ್ಲಿ ಅವರಿಗೆ ಉಳಿದಿದ್ದ ಕೆಲಸ ಬಹಳ ಕಡಿಮೆಯಾಗಿತ್ತೆಂದು ನನಗೆ ಅನ್ನಿಸುತ್ತದೆ.

ಗಿಟಾರಿನ ಟೋನಿ ಅಯೋಮಿ, ಬೇಸ್ ಗಿಟಾರಿನ ಗೀಜರ್ ಬಟ್ಲರ್, ಡ್ರಮ್ಸ್‌ನ ಬಿಲ್ ವಾರ್ಡ್, ಗಾಯಕ ಆಜಿ ಆಸ್ಬೋರ್ನ್ ಈ ನಾಲ್ವರೂ ಆಗ 20-21ರ ಹರೆಯದವರು; ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯ ಸುತ್ತಮುತ್ತ ಬೆಳೆದವರು. ಆಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದಿದ್ದ. ಅಯೋಮಿ ಲೋಹದ ತಗಡು ಕತ್ತರಿಸುವ ಕಾರ್ಖಾನೆಯಲ್ಲಿದ್ದ. ಅವನಿಗೆ 17 ವರ್ಷವಾಗಿದ್ದಾಗ, ಆ ಕೆಲಸ ಬಿಟ್ಟು ಸಂಗೀತವನ್ನೇ ನೆಚ್ಚಿಕೊಂಡು ಹೊರಡಬೇಕಿದ್ದ ಕೊನೆಯ ದಿನವೇ, ಬಲಗೈಯ ಎರಡು ಬೆರಳುಗಳ ತುದಿಗಳನ್ನು ಯಂತ್ರ ಕತ್ತರಿಸಿಹಾಕಿತು. ಅವನು ಎಡಗೈಯಿಂದ ಮೀಟುವವನಾದ್ದರಿಂದ ತಂತಿ ಒತ್ತಲು ಬೇಕಾಗಿದ್ದದ್ದು ಆ ಬಲಗೈಯ ಬೆರಳುಗಳೇ. ಎರಡು ಬೆರಳು ಸುಟ್ಟುಹೋದ ಮೇಲೂ ಗಿಟಾರ್ ನುಡಿಸಿ ಹೆಸರಾದ ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡೊಂದನ್ನು ಕಾರ್ಖಾನೆಯ ಮೇಲ್ವಿಚಾರಕರು ಕೇಳಿಸಿದ ಮೇಲೆ ಅವನಿಗೆ ಧೈರ್ಯ ಬಂತು. ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ತಾನೇ ಮಾಡಿಕೊಂಡ. ಅವು ಜಾರದಂತೆ ಮೇಲೆ ಚರ್ಮದ ತುಂಡು ಅಂಟಿಸಿದ. ಒತ್ತಲು ಹಗುರಾಗಲೆಂದು ತೆಳ್ಳನೆಯ ಬ್ಯಾಂಜೊ ತಂತಿಗಳನ್ನು ಗಿಟಾರಿಗೆ ಕಟ್ಟಿದ. ಕೃತಕ ತುದಿಗೆ ತಂತಿಯ ಸ್ಪರ್ಶ ತಿಳಿಯುವುದಿಲ್ಲ. ಎಲ್ಲ ಬೆರಳುಗಳನ್ನೂ ಬೇಡುವ ಸ್ವರಗುಚ್ಛಗಳ ಬದಲು ಎರಡೇ ತಂತಿಗಳನ್ನು ಬಲವಾಗಿ ಒತ್ತಿ ದಪ್ಪ ನಾದ ಹೊರಡಿಸುವ ಅವನ ಶೈಲಿಗೆ ಈ ಗಾಯವೂ ಒಂದು ಕಾರಣ.

ತಂಡದ ಹೆಸರು ಮೊದಲು ಅರ್ಥ್ ಎಂದಿತ್ತು. ಅದೇ ಹೆಸರಿನ ಇನ್ನೊಂದು ತಂಡ ಇದ್ದುದರಿಂದ ಬೋರಿಸ್ ಕಾರ್ಲಾಫ್ ನಟಿಸಿದ್ದ ಭಯಾನಕ ಚಿತ್ರವೊಂದರ ಹೆಸರನ್ನು ಇಟ್ಟುಕೊಂಡರು. ಅಷ್ಟರಲ್ಲಿ ಅವರು ಇಂಗ್ಲೆಂಡಿನ ಪಬ್ಬುಗಳಲ್ಲಿ, ಹ್ಯಾಂಬರ್ಗ್‌ನ ಸ್ಟಾರ್ ಕ್ಲಬ್ಬಿನಲ್ಲಿ ಬ್ಲೂಸ್ ನುಡಿಸುತ್ತ ತಿರುಗಾಡಿದ್ದರು. ಯುರೋಪಿನ ಆ ಕ್ಲಬ್ಬುಗಳಲ್ಲಿ ದಿನಕ್ಕೆ ಹಲವು ಸುತ್ತು ನುಡಿಸಬೇಕಾಗುತ್ತಿತ್ತು. ಕೈಯಲ್ಲಿದ್ದ ಹಾಡುಗಳು ಅಷ್ಟು ಹೊತ್ತಿಗೆ ಸಾಲದೆ, ಇದ್ದವನ್ನೇ ಹಿಗ್ಗಿಸುತ್ತ, ನಡುವೆ ಹೊಸದನ್ನು ಹುಟ್ಟಿಸುತ್ತ ಹೋಗುವುದು ಅವರಿಗೆ ಅನಿವಾರ್ಯವಾಯಿತು. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ತಿರುಗಾಟದ ಉದ್ದಕ್ಕೂ ರಾತ್ರಿಯಿಂದ ರಾತ್ರಿಗೆ ಆಡುತ್ತ ಆಡುತ್ತ, ಭಾಗವತರು ಪದ ಎತ್ತುವ ಮೊದಲೇ ಚೆಂಡೆಯವನ ಕೈಗೆ ಸುಳಿವು ಸಿಗುವ ಹಂತಕ್ಕೆ ಬರುತ್ತವಲ್ಲ, ಈ ನಾಲ್ವರೂ ಅಂಥದೊಂದು ಹಂತಕ್ಕೆ ಬಂದ ಮೇಲೆ ಸ್ಟುಡಿಯೋ ಮೆಟ್ಟಿಲು ಹತ್ತಿದರು.

ಹಣವೂ ಕಡಿಮೆಯೇ. ಆಲ್ಬಮ್ಮಿಗೆ ಸುಮಾರು 600 ಪೌಂಡ್ ಖರ್ಚಾಯಿತೆಂಬ ಲೆಕ್ಕ ಪ್ರಚಲಿತದಲ್ಲಿದೆ. ಮುದ್ರಣ ಯಂತ್ರ ನಾಲ್ಕು ಟ್ರ್ಯಾಕಿನದು, ಅಂದರೆ ಬೇರೆಬೇರೆಯಾಗಿ ಮುದ್ರಿಸಲು ನಾಲ್ಕೇ ಪಟ್ಟಿಗಳಿದ್ದದ್ದು. ಹಾಗಾಗಿ ವೇದಿಕೆಯ ಮೇಲಿನಂತೆಯೇ ಎಲ್ಲರೂ ಒಟ್ಟಿಗೆ ನುಡಿಸಿದರು. ಆಸ್ಬೋರ್ನ್‌ನನ್ನು ಪ್ರತ್ಯೇಕ ಕೋಣೆಯಲ್ಲಿ ನಿಲ್ಲಿಸಿ, ವಾದ್ಯಗಳ ಜೊತೆಯಲ್ಲೇ ಹಾಡಿಸಲಾಯಿತು. ಬಹುಪಾಲು ಹಾಡುಗಳಿಗೆ ಎರಡನೆಯ ಸರದಿಯೇ ಇರಲಿಲ್ಲ. ಅಂದು ಮೊದಲು ನುಡಿಸಿದ ಹಾಡು ಮುಗಿಯುತ್ತಿದ್ದಂತೆ ಅಯೋಮಿಯ ಫೆಂಡರ್ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಕೈಕೊಟ್ಟಿತು. ದುರಸ್ತಿಗೆ ಸಮಯವಿಲ್ಲದೆ, ಬದಲಿಗೆಂದು ತಂದಿದ್ದ ಗಿಬ್ಸನ್ ಎಸ್‌ಜಿ ಎತ್ತಿಕೊಂಡು ಉಳಿದದ್ದನ್ನೆಲ್ಲ ಅದರಲ್ಲೇ ನುಡಿಸಿದ. ಇಂದು ಅಯೋಮಿ ಎಂದೊಡನೆ ಅಭಿಮಾನಿಗಳ ಕಣ್ಣ ಮುಂದೆ ಬರುವುದು ಆ ಎಸ್‌ಜಿ ಗಿಟಾರೇ.

ಆಲ್ಬಮ್ಮಿನ ಮೊದಲ ಹಾಡಿನ ಹೆಸರೂ ಬ್ಲ್ಯಾಕ್ ಸಬ್ಬತ್. ಅದರ ಬುನಾದಿ ಮೂರೇ ಸ್ವರಗಳು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ತಾರ ಷಡ್ಜ, ಆಮೇಲೆ ಇಳಿದು ಬಂದು ನಿಲ್ಲುವ ಪ್ರತಿಮಧ್ಯಮ. ಗುಸ್ತಾವ್ ಹೋಲ್ಸ್ಟ್‌ನ ವಾದ್ಯವೃಂದ ಕೃತಿಯಲ್ಲಿನ ಮಂಗಳ ಗ್ರಹದ ಭಾಗವನ್ನು ಬಟ್ಲರ್ ಬೇಸ್ ಗಿಟಾರಿನಲ್ಲಿ ನುಡಿಸುತ್ತಿದ್ದದ್ದು ಇದಕ್ಕೆ ಪ್ರೇರಣೆಯಾಯಿತು. ಕಲ್ಯಾಣಿ ರಾಗದಲ್ಲಿ ಅದೇ ಪ್ರತಿಮಧ್ಯಮವನ್ನು ಕೇಳಿ ಬೆಳೆದ ಕಿವಿಗೆ ಅದು ಮಂಗಳಕರವಾದ ಸ್ವರ. ಅಲ್ಲಿ ಅದು ಪಂಚಮದ ಆಸರೆಗೆ ಹೊರಳುತ್ತದೆ. ಇಲ್ಲಿ ಪಂಚಮ ಸಿಗುವುದೇ ಇಲ್ಲ. ಸ್ವರ ಆಸರೆಯಿಲ್ಲದೆ ನಡುಗುತ್ತ ನಿಂತುಬಿಡುತ್ತದೆ, ವಾರ್ಡ್‌ನ ಡ್ರಮ್ ತೀರ ನಿಧಾನವಾಗಿ ಹಿಂದೆ ಬರುತ್ತದೆ, ಭಯ ಹುಟ್ಟುವುದು ಅಲ್ಲಿಂದ. ಸಾಹಿತ್ಯದ ದೆವ್ವ, ಬೆಂಕಿಗಳಿಗಿಂತ ಈ ಸ್ವರದ ಕೆಲಸ ದೊಡ್ಡದು ಎಂದು ನಾನು ಭಾವಿಸುತ್ತೇನೆ. ವಾರ್ಡ್ ಜಾಝ್ ಡ್ರಮ್ಮರ್‌ಗಳನ್ನು ಕೇಳಿ ಕಲಿತವನು. ಈ ಭಾರದ ಸಂಗೀತದಲ್ಲಿಯೂ ಆ ಲಯದ ತೂಗಾಟ ಕೇಳುತ್ತದೆ. ಮುಂದೆ ಇದೇ ಬಗೆಯ ಭಾರದ ರಾಕ್ ನುಡಿಸುತ್ತ ಬಂದ ಎಷ್ಟೋ ಮೆಟಲ್ ತಂಡಗಳಲ್ಲಿ ಅದು ಕಾಣೆಯಾಗಿದೆ.

ಆಲ್ಬಮ್ ಹಾಕಿದೊಡನೆ ಕೇಳುವ ಮಳೆ, ಗುಡುಗು, ಚರ್ಚಿನ ಗಂಟೆ ಮಾತ್ರ ತಂಡದವರು ನುಡಿಸಿದ್ದಲ್ಲ. ಅವರು ಹೋದ ಮೇಲೆ ಅವನ್ನು ಸೇರಿಸಲಾಯಿತು. ಹೊದಿಕೆಯ ಚಿತ್ರದ ಮಾತೂ ಅಷ್ಟೇ. ಆಕ್ಸ್‌ಫರ್ಡ್‌ಶೈರ್‌ನ ಮೇಪಲ್‌ಡರಮ್ ನೀರಗಿರಣಿಯ ಮುಂದೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ನಿಂತ ಆ ಚಿತ್ರವನ್ನೂ, ಒಳಪುಟದ ತಲೆಕೆಳಗಾದ ಶಿಲುಬೆಯನ್ನೂ ರೆಕಾರ್ಡ್ ಕಂಪನಿಯ ಕಡೆಯವರೇ ಆರಿಸಿದರು. ಶಿಲುಬೆ ತಂಡಕ್ಕೆ ಹಿಡಿಸಲಿಲ್ಲ. ಮೊದಲ ಆಲ್ಬಮ್ ಮಾಡುವ ಹುಡುಗರ ಮಾತು ಎಷ್ಟು ನಡೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಮಳೆಯನ್ನಂತೂ ನಾನು ತಕರಾರಿಲ್ಲದೆ ಒಪ್ಪುತ್ತೇನೆ.

1970ರ ಫೆಬ್ರವರಿ 13ರ ಶುಕ್ರವಾರ ವರ್ಟಿಗೊ ಎಂಬ ಹೊಸ ಲೇಬಲ್ ಆಲ್ಬಮ್ಮನ್ನು ಬಿಡುಗಡೆ ಮಾಡಿತು. ವಿಮರ್ಶಕರು ಕಟುವಾಗಿ ಬರೆದರು. ಕೇಳುಗರು ಮಾತ್ರ ಅದನ್ನು ಬ್ರಿಟನ್ನಿನ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೂ ಅಮೆರಿಕದಲ್ಲಿ 23ನೆಯ ಸ್ಥಾನಕ್ಕೂ ಏರಿಸಿದರು.

ಇಡೀ ಆಲ್ಬಮ್ ಒಂದೇ ಗುಣಮಟ್ಟದ್ದೆಂದು ಹೇಳಲಾರೆ. ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಲೆಂದು ಸೇರಿಸಿದ ಈವಿಲ್ ವುಮನ್ ಅಮೆರಿಕದ ತಂಡವೊಂದರಿಂದ ಎರವಲು ತಂದದ್ದು, ಉಳಿದವುಗಳ ನಡುವೆ ಹೊರಗಿನದಾಗಿಯೇ ಉಳಿದಿದೆ. ಕೊನೆಯ ವಾರ್ನಿಂಗ್ ಕೂಡ ಬೇರೆಯವರ ಹಾಡೇ. ಆದರೆ ಅದನ್ನು ಅವರು ಕ್ಲಬ್ಬಿನಲ್ಲಿ ಹಿಗ್ಗಿಸುತ್ತಿದ್ದಂತೆಯೇ ಇಲ್ಲಿಯೂ ಹಿಗ್ಗಿಸಿದ್ದಾರೆ. ನಿರ್ಮಾಪಕ ರಾಜರ್ ಬೇನ್ ಅಯೋಮಿಯ ಗಿಟಾರ್ ಭಾಗವನ್ನು ಕತ್ತರಿಸಿ ಚಿಕ್ಕದಾಗಿಸಿದ ಮೇಲೂ ಅದು 10 ನಿಮಿಷ ದಾಟುತ್ತದೆ, ನಡುನಡುವೆ ದಾರಿ ತಪ್ಪಿದಂತೆಯೂ ಕೇಳಿಸುತ್ತದೆ. ತಿದ್ದಿ ತೀಡಿದ ಹಾಡುಗಳಿಗಿಂತ ಹೆಚ್ಚಾಗಿ, ಹೊತ್ತು ಕಳೆಯಲೇಬೇಕಾಗಿದ್ದ ಆ ಕ್ಲಬ್ ರಾತ್ರಿಗಳ ಅಭ್ಯಾಸ ಎಂಥದಿತ್ತೆಂದು ತಿಳಿಯಬೇಕಾದರೆ ಕೇಳಬೇಕಾದದ್ದು ಇದನ್ನೇ.