ಕ್ರೂಸ್ ಬುಕ್ ಮಾಡೋದು ಸುಲಭ, ದಡದ ಲೆಕ್ಕವೇ ಕಷ್ಟ

ಬಳ್ಳಾರಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ನಮಗೆ ಅದೇ ದೊಡ್ಡ ಸುದ್ದಿ. ಆದರೂ ಸಿಂಗಾಪುರದಿಂದ ಹೊರಡುವ ಕ್ರೂಸ್, ಅಂದರೆ ಹಡಗಿನ ಪ್ರವಾಸದ ಬಗ್ಗೆ ವಿಚಾರಿಸಿಕೊಂಡು ನಮ್ಮ ಟ್ರಾವೆಲ್ಸ್ ಆಫೀಸಿಗೆ ಬರುವವರು ಜಾಸ್ತಿಯಾಗುತ್ತಲೇ ಇದ್ದಾರೆ. ಸಿರುಗುಪ್ಪ, ಗಂಗಾವತಿ ಕಡೆಯ ರೈಸ್ ಮಿಲ್ಲಿನವರು, ಇಲ್ಲಿನ ಜೀನ್ಸ್ ಯೂನಿಟ್ ಮಾಲೀಕರು, ಡಾಕ್ಟರ್ ಕುಟುಂಬಗಳು, ತೋರಣಗಲ್ಲಿನ ಇಂಜಿನಿಯರ್‌ಗಳು. ಒಬ್ಬರಿಬ್ಬರು ಹೋಗೋದು ಕಮ್ಮಿ. ಅಜ್ಜಿಯಿಂದ ಹಿಡಿದು ಕೈಗೂಸಿನ ತನಕ ಇಡೀ ಮನೆ ಹೊರಡುತ್ತದೆ.

ಬಂದು ಕೂತವರು ಮೊದಲು ಕೇಳುವುದು ಹಡಗಿನ ಬಗ್ಗೆ. ಎಷ್ಟು ಮಹಡಿ, ಬಾಲ್ಕನಿ ರೂಮಿಗೆ ಎಷ್ಟು ಜಾಸ್ತಿ, ಮಕ್ಕಳಿಗೆ ಏನೇನಿದೆ. ಕೇಳಲಿ, ತಪ್ಪಿಲ್ಲ. ಆದರೆ ಹಡಗು ಹತ್ತಿದ ಮೇಲೆ ನಮ್ಮ ಕೆಲಸ ಹೆಚ್ಚೇನೂ ಇರುವುದಿಲ್ಲ. ಊಟ, ಹಾಸಿಗೆ, ಆಟ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾವು ತಲೆ ಕೆಡಿಸಿಕೊಳ್ಳಬೇಕಾದದ್ದು ಹತ್ತುವ ಮುಂಚಿನ ಒಂದೆರಡು ದಿನ, ಇಳಿದ ಮೇಲಿನ ಒಂದು ದಿನ, ನಡುವೆ ಬಂದರುಗಳಲ್ಲಿ ಸಿಗುವ ಆರೇಳು ಗಂಟೆ. ಟ್ರಿಪ್ ಚೆನ್ನಾಗಾಯ್ತು ಅಂತಲೋ ಸುಸ್ತಾಯ್ತು ಅಂತಲೋ ಜನ ಹೇಳುವುದು ಈ ಹೊತ್ತಿನ ಬಗ್ಗೆಯೇ.

ಸಿರುಗುಪ್ಪ ಕಡೆಯ ಒಬ್ಬ ಸಾವ್ಕಾರ್ರು ಬಂದಿದ್ದರು, ಮನೆಯವರ ಜೊತೆ. ಕೈಯಲ್ಲಿ ಒಂದು ಬಣ್ಣದ ಕರಪತ್ರ. ಅದರಲ್ಲಿ 'ಬ್ಯಾಂಕಾಕ್' ಅಂತ ದಪ್ಪಕ್ಷರ, ಪಕ್ಕದಲ್ಲಿ 'ಲೇಮ್ ಚಬಾಂಗ್' ಅಂತ ಇರುವೆ ಗಾತ್ರದಲ್ಲಿ. "ಒಂಬತ್ತು ತಾಸು ನಿಲ್ತದಂತ್ರಿ ಹಡಗು. ಅರಮನೆ, ಬುದ್ಧನ ಗುಡಿ, ತೇಲೋ ಮಾರ್ಕೆಟ್ಟು, ಆಮೇಲೆ ಒಂದಿಷ್ಟು ಶಾಪಿಂಗ್. ಆಗ್ತದಲ್ಲ?" ಅಂದರು.

ನಾನು ಒಂದು ಹಾಳೆ ತಗೊಂಡು ಕೆಳಗಿನಿಂದ ಮೇಲಕ್ಕೆ ಬರೆಯೋಕೆ ಶುರು ಮಾಡಿದೆ. ಹಡಗು ಬಿಡುವುದು ಐದಕ್ಕೆ. ಎಲ್ಲರೂ ಒಳಗಿರಬೇಕಾದದ್ದು ನಾಲ್ಕೂವರೆಗೆ. ಹಡಗು ನಿಲ್ಲುವ ಲೇಮ್ ಚಬಾಂಗ್ ಬಂದರಿನಿಂದ ಬ್ಯಾಂಕಾಕ್ ನೂರಿಪ್ಪತ್ತು ಕಿಲೋಮೀಟರಿಗೂ ಜಾಸ್ತಿ. ಎರಡು ತಾಸು ಅಂತಾರೆ, ಅಲ್ಲಿನ ಟ್ರಾಫಿಕ್ ಮನಸ್ಸು ಮಾಡಿದರೆ ಮೂರು. ಅಂದರೆ ಊರು ಬಿಡಬೇಕಾದದ್ದು ಒಂದೂವರೆಯ ಒಳಗೆ. ಈಗ ಮೇಲಿನಿಂದ: ಹಡಗು ಬರುವುದು ಎಂಟಕ್ಕೆ, ಜನ ಇಳಿದು ಬಸ್ಸು ಹೊರಡುವಾಗ ಒಂಬತ್ತು, ಬ್ಯಾಂಕಾಕ್ ಮುಟ್ಟುವಾಗ ಹನ್ನೊಂದೂವರೆ. ಮಧ್ಯ ಉಳಿದದ್ದು ಎರಡು ತಾಸು. ಅದರಲ್ಲೇ ಊಟ.

ಸಾವ್ಕಾರ್ರು ಹಾಳೆಯನ್ನೇ ನೋಡುತ್ತಾ ಕೂತರು. ಅವರ ಮನೆಯವರು ಮಾತ್ರ ನಕ್ಕುಬಿಟ್ಟರು. "ಹಂಗಾದ್ರೆ ಬಸ್ಸಿನಾಗೆ ಕುಂತು ಬರಾಕೆ ಅಷ್ಟು ದೂರ ಹೋಗ್ಬೇಕೇನ್ರಿ?"

ಕೊನೆಗೆ ಅವರು ಪಟ್ಟಾಯ ಮಾಡಿದರು. ಅದೇ ಬಂದರಿನಿಂದ ಅದು ಹತ್ತಿರ. ಪೂರ್ತಿ ಮರದಲ್ಲೇ ಕಟ್ಟಿರುವ 'ಸ್ಯಾಂಕ್ಚುರಿ ಆಫ್ ಟ್ರೂತ್' ನೋಡಿದರು, ನಾಂಗ್ ನೂಚ್ ತೋಟ ನೋಡಿದರು, ಕುಳಿತು ಊಟ ಮಾಡಿದರು, ನಾಲ್ಕಕ್ಕೆಲ್ಲ ಹಡಗಿನಲ್ಲಿದ್ದರು. ಬ್ಯಾಂಕಾಕ್ ನೋಡಲೇಬೇಕು ಅನ್ನುವವರಿಗೆ ನಾನು ಹೇಳುವುದು ಎರಡೇ ದಾರಿ. ಒಂದೋ ರಾತ್ರಿ ಅಲ್ಲೇ ತಂಗುವ ಹಡಗು ಹುಡುಕಿ, ಇಲ್ಲ ಅದಕ್ಕೆ ಅಂತಲೇ ಬೇರೆ ಟ್ರಿಪ್ ಹಾಕಿ.

ಈ ಕೆಳಗಿನಿಂದ ಮೇಲಕ್ಕೆ ಬರೆಯುವ ಲೆಕ್ಕ ಈಗ ನನಗೆ ಅಭ್ಯಾಸವಾಗಿಬಿಟ್ಟಿದೆ. ಯಾವ ಬಂದರಾದರೂ ಮೊದಲು ನೋಡುವುದು ಅಲ್ಲಿಂದ ಊರು ಎಷ್ಟು ದೂರ ಅಂತ. ಮಲೇಷ್ಯಾದ ಪೆನಾಂಗ್ ಇದ್ದರೆ ನನಗೆ ನಿರಾಳ. ಅಲ್ಲಿನ ಸ್ವೆಟೆನ್‌ಹ್ಯಾಮ್ ಪಿಯರ್ ಇರುವುದೇ ಜಾರ್ಜ್ ಟೌನ್ ಊರೊಳಗೆ. ಇಳಿದು ನಡೆದರೆ ಲಿಟಲ್ ಇಂಡಿಯಾ, ಬಾಳೆ ಎಲೆ ಊಟ, ಮಾರಿಯಮ್ಮನ ಗುಡಿ, ಕ್ಯಾಪಿಟನ್ ಕೆಲಿಂಗ್ ಮಸೀದಿ, ಚೀನೀ ವ್ಯಾಪಾರಿಗಳ ಹಳೆಯ ಮನೆಗಳು. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರದು. ನಮ್ಮ ಬ್ರೂಸ್‌ಪೇಟೆ ಸುತ್ತಿದಂತೆ ಸುಮ್ನೆ ಸುತ್ತಬಹುದು, ಬಸ್ಸು ಬೇಡ, ಗೈಡ್ ಬೇಡ. ಹೊತ್ತು ಜಾಸ್ತಿ ಇದ್ದರೆ ಮಾತ್ರ ಪೆನಾಂಗ್ ಹಿಲ್ ರೈಲು. ಅಲ್ಲಿ ಕ್ಯೂ ಇರುತ್ತದೆ, ಮೇಲೆ ಹೋಗುವಾಗಲೂ, ಇಳಿಯುವಾಗಲೂ. ಇಳಿಯುವ ಕ್ಯೂ ಯಾರೂ ಲೆಕ್ಕಕ್ಕೆ ಇಟ್ಟಿರುವುದಿಲ್ಲ.

ಪೋರ್ಟ್ ಕ್ಲಾಂಗ್ ಹಾಗಲ್ಲ. ಕೌಲಾಲಂಪುರ ಮುಟ್ಟೋಕೆ ಒಂದು ತಾಸಿನ ಮೇಲೆ ಬೇಕು. ಬಾಟು ಕೇವ್ಸ್‌ನ ಮುರುಗನ್ ನೋಡಿ, ಪೆಟ್ರೊನಾಸ್ ಟವರ್ ಎದುರು ಫೋಟೊ ತೆಗೆಸಿಕೊಂಡು ಬರಬಹುದು. ಆದರೆ ಬಾಟು ಕೇವ್ಸ್‌ನಲ್ಲಿ 272 ಮೆಟ್ಟಿಲು. ಮೊಣಕಾಲು ನೋವಿರುವವರು ಕೆಳಗೇ ಕೂರಬೇಕಾಗುತ್ತದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಹೋಗಿ ಬೇಜಾರಾಗೋದಕ್ಕಿಂತ ಇಲ್ಲಿ ಆಗೋದು ವಾಸಿ.

ಥಾಯ್ಲೆಂಡ್‌ನ ಫುಕೆಟ್‌ನದು ಇನ್ನೊಂದು ಕಥೆ. ಬಹಳ ಸಲ ಹಡಗು ಪಾಟೊಂಗ್ ಕಡಲತೀರದ ಎದುರು ದೂರದಲ್ಲೇ ಲಂಗರು ಹಾಕುತ್ತದೆ. ಚಿಕ್ಕ ಬೋಟಿನಲ್ಲಿ ಗುಂಪು ಗುಂಪಾಗಿ ದಡಕ್ಕೆ ಬಿಡುತ್ತಾರೆ. ಹೋಗುವಾಗ ಅರ್ಧ ಮುಕ್ಕಾಲು ತಾಸು, ಬರುವಾಗಲೂ ಅಷ್ಟೇ ಅಂತ ಬಿಟ್ಟುಬಿಡಬೇಕು. ಮೇ ತಿಂಗಳಿಂದ ಅಕ್ಟೋಬರ್ ತನಕ ಆ ಕಡೆ ಮಳೆಗಾಲ, ಅಲೆ ಜೋರು. ಅಲೆ ಜೋರಿದ್ದರೆ ಬೋಟ್ ಬಿಡದೆ ಆ ಊರನ್ನೇ ಕೈಬಿಟ್ಟು ಹೋಗುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಆ ತಿಂಗಳುಗಳಲ್ಲಿ ಫುಕೆಟ್‌ಗೋಸ್ಕರವೇ ಹಡಗು ಹತ್ತಬೇಡಿ ಅಂತ ಹೇಳುತ್ತೇನೆ.

ಫುಕೆಟ್‌ನಲ್ಲಿ ಮೊಬೈಲಿನದೂ ಒಂದು ತೊಂದರೆ ಇದೆ. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ, ಮಲೇಷ್ಯಾದ್ದೂ ಅದೇ. ಥಾಯ್ಲೆಂಡ್‌ನದು ಒಂದೂವರೆ ತಾಸು ಮಾತ್ರ ಮುಂದೆ. ದಡಕ್ಕೆ ಇಳಿದ ಕೂಡಲೇ ಮೊಬೈಲ್ ತಾನಾಗೇ ಥಾಯ್ ಸಮಯಕ್ಕೆ ಬದಲಾಗುತ್ತದೆ. ಹಡಗು ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿದ್ದರೆ? ಮೊಬೈಲಿನಲ್ಲಿ ಮೂರೂವರೆ, ಹಡಗಿನಲ್ಲಿ ಆಗಲೇ ನಾಲ್ಕೂವರೆ. ಅದಕ್ಕೇ ಮನೆಯಲ್ಲಿ ಯಾರಾದರೊಬ್ಬರು ಹಳೆಯ ಮುಳ್ಳಿನ ವಾಚ್ ಕಟ್ಟಿಕೊಳ್ಳಿ, ಅದನ್ನು ಹಡಗಿನ ಸಮಯಕ್ಕೆ ಇಟ್ಟು ಇಳಿಯೋ ತನಕ ಮುಟ್ಟಬೇಡಿ ಅಂತೀನಿ. ಒಬ್ಬ ತಾತ ಬೀರುವಿನಲ್ಲಿದ್ದ ಎಚ್‌ಎಂಟಿ ತೆಗೆದು ಕೀ ಕೊಟ್ಟು ಕಟ್ಟಿಕೊಂಡು ಹೋಗಿದ್ದರು. ಇಡೀ ಗುಂಪು ಅವರ ಕೈ ನೋಡಿಕೊಂಡೇ ಓಡಾಡಿತಂತೆ.

ಹಡಗಿನವರ ಟೂರ್ ತಗೊಳ್ಳೋದಾ, ಹೊರಗಿನ ವ್ಯಾನ್ ಮಾಡಿಕೊಳ್ಳೋದಾ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಹಡಗಿನವರದು ದುಬಾರಿ, ನಿಜ. ಹತ್ತು ಜನರಿಗೆ ಹೊರಗಿನ ವ್ಯಾನ್ ಅರ್ಧಕ್ಕರ್ಧ ಉಳಿತಾಯ ಆಗಬಹುದು. ಆದರೆ ಹಡಗಿನವರ ಬಸ್ಸು ತಡವಾದರೆ ಅದರ ಜವಾಬ್ದಾರಿ ಅವರದು, ಸಾಮಾನ್ಯವಾಗಿ ಹಡಗು ಕಾಯುತ್ತದೆ. ನಮ್ಮ ವ್ಯಾನ್ ತಡವಾದರೆ ಕಾಯುವುದಿಲ್ಲ. ಮುಂದಿನ ಊರಿಗೆ ನಮ್ಮ ದುಡ್ಡಲ್ಲೇ ವಿಮಾನ ಹಿಡಿಯಬೇಕು. ಹಾಗಾಗಿ ನಾನು ಪಾಲಿಸುವುದು ಒಂದೇ ನಿಯಮ: ಪೆನಾಂಗ್‌ನಂಥ ಹತ್ತಿರದ ಬಂದರಿಗೆ ಸ್ವಂತ ಓಡಾಟ, ಬ್ಯಾಂಕಾಕ್, ಕೌಲಾಲಂಪುರದಂಥ ದೂರದ್ದಕ್ಕೆ ಹಡಗಿನವರ ಬಸ್ಸು. ಕಮಿಷನ್ ಯಾವುದರಲ್ಲಿ ಜಾಸ್ತಿ ಅಂತ ನನ್ನನ್ನು ಕೇಳಬೇಡಿ.

ಇನ್ನು ಸಿಂಗಾಪುರ. ಹಡಗು ಹತ್ತುವ ದಿನವೇ ಬೆಳಿಗ್ಗೆ ಇಳಿಯುವ ಟಿಕೆಟ್ ಹಾಕಿಸಿಕೊಂಡು ಬರುವವರಿದ್ದಾರೆ. ಬೇರೆ ಊರಿನ ಏಜೆನ್ಸಿಯೊಂದು ಹಾಗೇ ಕೊಟೇಶನ್ ಕೊಟ್ಟಿತ್ತು, ಒಂದು ರಾತ್ರಿಯ ಹೋಟೆಲ್ ದುಡ್ಡು ಉಳಿಯುತ್ತದೆ ಅಂತ. ಬೆಂಗಳೂರಲ್ಲಿ ಮಂಜು ಬಿದ್ದು ವಿಮಾನ ತಡವಾದರೆ ಹಡಗಿನ ಪೂರ್ತಿ ದುಡ್ಡು ನೀರಲ್ಲಿ. ನಮ್ಮ ಕಡೆಯವರಿಗೆ ಇನ್ನೊಂದು ಲೆಕ್ಕವೂ ಇದೆ. ಬಳ್ಳಾರಿಯಿಂದ ಅನಂತಪುರ, ಚಿಕ್ಕಬಳ್ಳಾಪುರ ದಾರಿಯಲ್ಲಿ ಹೋದರೆ ಬೆಂಗಳೂರು ಊರೊಳಗೆ ಹೋಗದೆ ನೇರ ದೇವನಹಳ್ಳಿ ಏರ್‌ಪೋರ್ಟ್ ಸಿಗುತ್ತದೆ. ಆದರೂ ಐದು ತಾಸಿನ ಹಾದಿ. ರಾಯಚೂರಿನವರಿಗೆ ಹೈದರಾಬಾದ್‌ನ ಶಂಶಾಬಾದ್ ಹತ್ತಿರ. ಅಷ್ಟು ಕಾರಲ್ಲಿ ಕೂತು, ಮೂರು ತಾಸು ಏರ್‌ಪೋರ್ಟಲ್ಲಿ ಕಾದು, ರಾತ್ರಿ ವಿಮಾನದಲ್ಲಿ ನಿದ್ದೆಗೆಟ್ಟು ಬೆಳಿಗ್ಗೆ ಆರಕ್ಕೆ ಸಿಂಗಾಪುರದ ಚಾಂಗಿ ಏರ್‌ಪೋರ್ಟಲ್ಲಿ ಇಳಿದವರಿಗೆ ಮೊದಲು ಬೇಕಿರುವುದು ಹಾಸಿಗೆ. ಹೋಟೆಲ್ ರೂಮ್ ಸಿಗುವುದು ಮಧ್ಯಾಹ್ನ ಎರಡು ಮೂರು ಗಂಟೆಗೆ.

ಇದಕ್ಕೆ ನಾನು ಮಾಡುವುದು ಹೀಗೆ. ಹಡಗು ಹತ್ತುವ ಎರಡು ರಾತ್ರಿ ಮುಂಚೆಯೇ ಸಿಂಗಾಪುರ ಮುಟ್ಟಿಸುತ್ತೇನೆ. ವಯಸ್ಸಾದವರಿದ್ದರೆ ಒಂದೇ ಒಂದು ರೂಮನ್ನು ವಿಮಾನ ಇಳಿಯುವ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡುತ್ತೇನೆ. ಹಿರಿಯರು, ಮಕ್ಕಳು ಅಲ್ಲಿ ಮಲಗುತ್ತಾರೆ, ಉಳಿದವರು ಸ್ನಾನ ಮಾಡಿ ಹೊರಗೆ ಹೊರಡುತ್ತಾರೆ. ಎಲ್ಲಾ ರೂಮಿಗೂ ದುಡ್ಡು ಕೊಡೋದು ಬೇಕಿಲ್ಲ. ಹೋಟೆಲ್ ಬಂದರಿನ ಹತ್ತಿರ ಇರಲಿ ಅಂತ ಕೇಳುವವರಿದ್ದಾರೆ. ಆದರೆ ಮರೀನಾ ಬೇ ಕಡೆ ರೇಟು ಕೇಳಿದರೆ ಅವರೇ ಸುಮ್ಮನಾಗುತ್ತಾರೆ. ಸಸ್ಯಾಹಾರಿ ಕುಟುಂಬಗಳಿಗೆ ನಾನು ಲಿಟಲ್ ಇಂಡಿಯಾ, ಫೆರರ್ ಪಾರ್ಕ್ ಸುತ್ತಮುತ್ತ ಹಾಕುತ್ತೇನೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ ಇದೆ, ನಮ್ಮ ಎಂಟಿಆರ್ ಇದೆ, ಪಕ್ಕದಲ್ಲೇ ಶಾಪಿಂಗ್‌ಗೆ ಮುಸ್ತಫಾ ಸೆಂಟರ್ ಇದೆ. ಬೆಳಿಗ್ಗೆ ಇಡ್ಲಿ ಸಿಕ್ಕಿದರೆ ನಮ್ಮ ಜನರಿಗೆ ಅರ್ಧ ಆಯಾಸ ಹೋಗುತ್ತದೆ. ಹಡಗಿನ ದಿನ ಟ್ಯಾಕ್ಸಿಯಲ್ಲಿ ಬಂದರು ಏನೂ ದೂರ ಅಲ್ಲ. ಒಂದೇ ಎಚ್ಚರಿಕೆ: ಸಿಂಗಾಪುರದಲ್ಲಿ ಎರಡು ಕ್ರೂಸ್ ಟರ್ಮಿನಲ್ ಇವೆ, ಮರೀನಾ ಬೇದಲ್ಲಿ ಒಂದು, ಹಾರ್ಬರ್‌ಫ್ರಂಟ್‌ನಲ್ಲಿ ಇನ್ನೊಂದು. ಟಿಕೆಟ್ ನೋಡಿ ಡ್ರೈವರ್‌ಗೆ ಹೇಳಬೇಕು.

"ಹುಡುಗ ನಮ್ ಜೊತೆನೇ ಮಲಗ್ತಾನೆ ಬಿಡ್ರಿ, ಸಣ್ಣೋನು" ಅನ್ನುವುದು ಅಲ್ಲಿ ನಡೆಯಲ್ಲ. ರೂಮುಗಳು ಚಿಕ್ಕವು, ಎಷ್ಟು ಜನ ಅಂತ ಬರೆದಿದೆಯೋ ಅಷ್ಟೇ. ಟ್ಯಾಕ್ಸಿಯಲ್ಲೂ ಹಾಗೇ, ನಾಲ್ಕು ಸೀಟು ಅಂದರೆ ನಾಲ್ಕೇ ಜನ.

ಊಟದ ವಿಷಯಕ್ಕೆ ಬಂದರೆ, ಹಡಗಲ್ಲಿ ಸಸ್ಯಾಹಾರ ಸಿಗುತ್ತಾ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಅನ್ನುವುದು ಮುಖ್ಯ. ಸಸ್ಯಾಹಾರ ಸಿಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕಿದ್ದರೆ ಬುಕಿಂಗ್‌ನಲ್ಲೇ ಬರೆಸಬೇಕು, ಹಡಗು ಹತ್ತಿ ಕೇಳಿದರೆ ಆಗದು. ರಾತ್ರಿ ಊಟಕ್ಕೆ ದೊಡ್ಡ ಡೈನಿಂಗ್ ಹಾಲಿನಲ್ಲಿ ಎರಡು ಪಂಕ್ತಿ ಇರುತ್ತವೆ, ಆರರ ಹೊತ್ತಿಗೆ ಒಂದು, ಎಂಟರ ಹೊತ್ತಿಗೆ ಒಂದು. "ಅಜ್ಜಿ ಬೇಗ ಉಣ್ತಾರೆ, ಆರಕ್ಕೇ ಹಾಕ್ರಿ" ಅಂತಾರೆ. ಅಲ್ಲಿಯ ಆರು ಅಂದರೆ ಅಜ್ಜಿಯ ಹೊಟ್ಟೆಗೆ ಮಧ್ಯಾಹ್ನ ಮೂರೂವರೆ! ಎಂಟಕ್ಕೆ ಹಾಕಿದರೂ ಬಳ್ಳಾರಿಯ ಐದೂವರೆಯೇ. ಹಾಗೇ ಬೆಳಿಗ್ಗೆ ಎಂಟಕ್ಕೆ ಬಸ್ಸು ಅಂದರೆ ನಮ್ಮ ಐದೂವರೆಗೆ ತಯಾರಾಗಿ ನಿಲ್ಲಬೇಕು. ಸಿಂಗಾಪುರದಲ್ಲಿ ಎರಡು ರಾತ್ರಿ ಮುಂಚೆ ಇರಿಸುವುದಕ್ಕೆ ಇದೂ ಒಂದು ಕಾರಣ. ಅಷ್ಟರಲ್ಲಿ ಹೊಟ್ಟೆ ಅಲ್ಲಿನ ಗಡಿಯಾರಕ್ಕೆ ಹೊಂದಿಕೊಂಡಿರುತ್ತದೆ.

ಸಿಂಗಾಪುರದ ಹೋಟೆಲುಗಳ ಮೆನುವಿನಲ್ಲಿ ರೇಟಿನ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ಹುಷಾರು. ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್, ಅದರ ಮೇಲೆ 9 ಪರ್ಸೆಂಟ್ ಜಿಎಸ್‌ಟಿ. ನೂರು ಡಾಲರ್ ಊಟ ನೂರಿಪ್ಪತ್ತರ ಹತ್ತಿರ ಹೋಗುತ್ತದೆ.

ಮನೆಯಿಂದ ಕಟ್ಟಿಕೊಂಡು ಹೋಗುವ ಬುತ್ತಿ ಬಗ್ಗೆ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ ಇರಲಿ, ಮಾಡಿದ ಅಡುಗೆ ಬೇಡ. ಮಸಾಲೆ ಪುಡಿಯಲ್ಲಿ ಗಸಗಸೆ ಇದ್ದರೆ ಇಲ್ಲೇ ಬಿಡಿ. ಸಿಂಗಾಪುರದಲ್ಲಿ ಗಸಗಸೆ ನಿಷೇಧ, ಮಾದಕ ವಸ್ತುಗಳ ಸಾಲಿನಲ್ಲಿ ನೋಡುತ್ತಾರೆ. ಗುಟ್ಕಾ, ಜಗಿಯುವ ತಂಬಾಕು ಕೂಡ ನಿಷೇಧ. ಇದನ್ನು ಗಂಡಸರಿಗೆ ಬೇರೆಯಾಗಿ ಕರೆದು ಹೇಳಬೇಕಾಗುತ್ತದೆ, ಹೆಂಡತಿ ಎದುರಿಗೆ ಯಾರೂ ಒಪ್ಪಲ್ಲ. ಹಡಗಿಗೆ ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ ಬಿಡುವುದಿಲ್ಲ. ಬಿಸಿನೀರು ಬಫೆಯಲ್ಲಿ ಸಿಗುತ್ತದೆ, ಒಂದು ಫ್ಲಾಸ್ಕ್ ಇದ್ದರೆ ಸಾಕು.

ವೀಸಾದಲ್ಲಿ ನೋಡಬೇಕಾದದ್ದು ಒಂದು ಅಂಶ. ಸಿಂಗಾಪುರದಿಂದ ಹಡಗು ಹತ್ತಿ ಮತ್ತೆ ಸಿಂಗಾಪುರಕ್ಕೇ ಇಳಿದರೆ ಅದು ಎರಡನೇ ಪ್ರವೇಶ. ವೀಸಾ ಮಲ್ಟಿಪಲ್ ಎಂಟ್ರಿ ಇರಲೇಬೇಕು. ಮಲೇಷ್ಯಾ, ಥಾಯ್ಲೆಂಡ್ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಇನ್ನೊಮ್ಮೆ ಸರ್ಕಾರಿ ವೆಬ್‌ಸೈಟ್ ನೋಡಿಯೇ ಪೇಪರ್ ಕೊಡುತ್ತೇನೆ.

ಕೊನೆಯ ದಿನ ಹಡಗು ಬೆಳಿಗ್ಗೆ ದಡ ಸೇರಿದರೂ ಎಲ್ಲರೂ ಇಳಿದು ಇಮಿಗ್ರೇಷನ್ ಮುಗಿಸುವಾಗ ಹತ್ತಾಗಬಹುದು. ಮಧ್ಯಾಹ್ನಕ್ಕೆ ಮುಂಚಿನ ವಿಮಾನ ನಾನು ಹಾಕುವುದಿಲ್ಲ, ಎಷ್ಟೇ ಅಗ್ಗ ಸಿಕ್ಕರೂ. ರಾತ್ರಿ ವಿಮಾನ ಇದ್ದರೆ ಸಾಮಾನು ಹೋಟೆಲಿನಲ್ಲಿ ಇಟ್ಟು ಗಾರ್ಡನ್ಸ್ ಬೈ ದ ಬೇ ನೋಡಬಹುದು. ಇಲ್ಲಾ ನೇರ ಚಾಂಗಿಗೆ ಹೋಗಿ ಅಲ್ಲಿಯ ಜ್ಯೂವೆಲ್ ಮಾಲ್‌ನಲ್ಲಿ ನಲವತ್ತು ಮೀಟರ್ ಎತ್ತರದಿಂದ ಬೀಳುವ ನೀರು ನೋಡುತ್ತಾ ಎಸಿಯಲ್ಲಿ ಕೂರಬಹುದು. ಹಿರಿಯರಿಗೆ ಎರಡನೆಯದೇ ಇಷ್ಟ.

ಹಡಗು ಇಳಿಯುವ ಹಿಂದಿನ ರಾತ್ರಿ ದೊಡ್ಡ ಬ್ಯಾಗುಗಳನ್ನು ರೂಮಿನ ಬಾಗಿಲ ಹೊರಗೆ ಇಡಬೇಕು. ಹಡಗಿನವರು ಒಯ್ದು ಟರ್ಮಿನಲ್‌ನಲ್ಲಿ ಕೊಡುತ್ತಾರೆ. ಬೆಳಿಗ್ಗೆ ಹಾಕುವ ಬಟ್ಟೆ, ಚಪ್ಪಲಿ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿ ಉಳಿಸಿಕೊಳ್ಳಿ ಅಂತ ಬರೆದೇ ಕೊಡುತ್ತೇನೆ. ಆದರೂ ಜೀನ್ಸ್ ಯೂನಿಟ್‌ನ ಒಬ್ಬ ಅಣ್ಣಾರು ಉತ್ಸಾಹದಲ್ಲಿ ಎಲ್ಲಾ ಬಟ್ಟೆ ತುಂಬಿ ಹೊರಗಿಟ್ಟುಬಿಟ್ಟರು. ಊರಿಗೆಲ್ಲ ಪ್ಯಾಂಟು ಹೊಲಿದುಕೊಡುವ ಮನುಷ್ಯ, ಸಿಂಗಾಪುರದ ಇಮಿಗ್ರೇಷನ್ ಕೌಂಟರಿಗೆ ಲುಂಗಿಯಲ್ಲೇ ಹೋಗಿ ನಿಂತರು. ಆಫೀಸರ್ ಏನೂ ಅನ್ನಲಿಲ್ಲವಂತೆ, ಮಗಳು ಮಾತ್ರ ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದಳು.