ಜೈಲಿನ ಹಳೆಯ ಸ್ಮಶಾನ: ಸ್ವಚ್ಛ ಮಾಡುವ ಮೊದಲು ಎಣಿಸಿ

ಈ ಕೆಲಸ ಕೆಡುವುದು ಮೊದಲ ದಿನವೇ, ಅದೂ ಒಳ್ಳೆಯ ಮನಸ್ಸಿನವರಿಂದ. ಶ್ರಮದಾನಕ್ಕೆ ಬಂದವರು ಜಾಲಿ ಕಂಟಿ ಕಡಿದು, ಬಿದ್ದ ಕಲ್ಲುಗಳನ್ನೆಲ್ಲ ಆರಿಸಿ ಬೇಲಿ ಹತ್ತಿರ ಗುಂಪಿ ಹಾಕುತ್ತಾರೆ. ಆ ಕಲ್ಲುಗಳೇ ಗುರುತು. ವಾರಸುದಾರರಿಲ್ಲದ ಕೈದಿಗೆ ಹೆಸರು ಕೊರೆಸುವವರು ಯಾರು? ತಲೆ ಕಡೆ ಒಂದು ಕಾಡುಕಲ್ಲು ನೆಟ್ಟಿರುತ್ತಾರೆ, ಅಷ್ಟೇ. ಅದನ್ನು ಕಿತ್ತರೆ ಕುಣಿ ಎಲ್ಲಿತ್ತು ಎಂಬುದೂ ಹೋಯಿತು.

ಹಾಗಾಗಿ ಮೊದಲು ಹಗ್ಗ, ಗೂಟ, ಟೇಪು. ಒಂದು ಮೂಲರೇಖೆ ಹಿಡಿದು, 3-4-5 ಅಳತೆಯಲ್ಲಿ (ಬದಿಗಳು 3 ಮತ್ತು 4 ಮೀಟರ್, ಓರೆ 5 ಮೀಟರ್ ಬಂದರೆ ಮೂಲೆ ನೇರ) ಮೂಲೆ ಕಟ್ಟಿ, ಜಾಗವನ್ನು 5 ಮೀಟರಿನ ಚೌಕಗಳಾಗಿ ಮಾಡಿ. ಕಲ್ಲು ಇದ್ದಲ್ಲೇ ಇರಲಿ. ನಂಬರ್ ಬರೆದು, ಫೋಟೊ ತೆಗೆದು, ನಕ್ಷೆಗೆ ಏರಿಸಿ. ಕಟ್ಟಿಗೆಯ ಗೂಟ ಗೆದ್ದಲಿಗೆ, ಕಬ್ಬಿಣದ್ದು ಗುಜರಿಗೆ. ಮೂಲರೇಖೆಯ ಎರಡು ತುದಿಗೆ ಕಲ್ಲುಗೂಟವೇ ಸರಿ.

ಏಪ್ರಿಲ್–ಮೇನಲ್ಲಿ ಎರಿಭೂಮಿ, ಅಂದರೆ ಕರಿಮಣ್ಣಿನ ನೆಲ, ಬಾಯಿ ಬಿಟ್ಟಿರುತ್ತದೆ, ಬಿರುಕಿನ ಗೆರೆಗಳೇ ಕುಣಿಯ ಅಂಚಿನಂತೆ ಕಾಣುತ್ತವೆ. ಮಳೆಗಾಲದಲ್ಲಿ ಕಾಲಿಗೆ ಎರಿ ಮೆತ್ತಿ ನಡೆಯಲಾಗದು. ಮಳೆ ನಿಂತು ನೆಲದಲ್ಲಿ ಇನ್ನೂ ಹಸಿ ಇರುವ ಅಕ್ಟೋಬರ್–ನವೆಂಬರ್ ಒಳ್ಳೆಯದು. ಹೊತ್ತು ಮೂಡುವಾಗ, ಮುಳುಗುವಾಗ ಅಡ್ಡ ಬಿಸಿಲಿಗೆ ಕುಸಿದ ತಗ್ಗುಗಳು ನೆರಳು ಹಿಡಿಯುತ್ತವೆ. ಸುತ್ತ ಕರಿಮಣ್ಣಿದ್ದು ಒಂದು ಕಡೆ ಮಾತ್ರ ಗರಸು (ಹರಳುಮಣ್ಣು), ಸುಣ್ಣದ ಹರಳು ಮೇಲೆ ಬಿದ್ದಿದ್ದರೆ ಗಮನಿಸಿ, ಕುಣಿ ತೋಡಿದವರು ಕೆಳಗಿನದನ್ನು ಮೇಲೆ ಹಾಕಿರಬಹುದು.

ಅನುಮಾನವಿದ್ದಲ್ಲಿ 10 ಮಿಮೀ ಸಲಾಕೆ, ಮೇಲೆ ಅಡ್ಡ ಹಿಡಿಕೆ. 30 ಸೆಂಮೀಗೊಂದು ಕಡೆ ಕೈಭಾರದಲ್ಲಷ್ಟೇ ಒತ್ತಿ, ಸುತ್ತಿಗೆ ಬೇಡ. 50 ಸೆಂಮೀಗೆ ನಿಲ್ಲಿಸಿ. ಒಂದೇ ಕಡೆ ಮೆತ್ತಗಾದರೆ ಇಲಿಬಿಲವೂ ಆಗಿರಬಹುದು. ಸಾಲಾಗಿ ನಾಲ್ಕೈದು ಕಡೆ ಇಳಿದರೆ ಬರೆದುಕೊಳ್ಳಿ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಇದು ಸುಲಭ, ತೋಡದ ಜಾಗಕ್ಕೆ ಸಲಾಕೆ ಇಳಿಯುವುದೇ ಇಲ್ಲ. ನೆಲದೊಳಗಿನದನ್ನು ತೋರಿಸುವ ರಾಡಾರ್ ತರಿಸೋಣ ಎನ್ನುವವರಿಗೆ ಒಂದು ಮಾತು: ಜಿಗುಟಾದ ಎರಿಮಣ್ಣು ಅದರ ಅಲೆಗಳನ್ನು ನುಂಗುತ್ತದೆ, ಕೊಟ್ಟ ದುಡ್ಡಿಗೆ ಮಸುಕು ಚಿತ್ರ.

ದಿಕ್ಕನ್ನೂ ಬರೆಯಿರಿ. ಮುಸ್ಲಿಮರ ಗೋರಿ ಉತ್ತರ-ದಕ್ಷಿಣ, ಕ್ರೈಸ್ತರದು ಸಾಮಾನ್ಯವಾಗಿ ಪೂರ್ವ-ಪಶ್ಚಿಮ. ಉದ್ದ ಅಗಲ ಹೆಚ್ಚುಕಡಿಮೆ ಒಂದೇ ಇರುವ ತಗ್ಗು ಸಿಕ್ಕರೆ ಗಿಡದ ಗುಂಡಿಯೆಂದು ಬಿಡಬೇಡಿ. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುತ್ತಾರೆ, ಅದರ ಕುಣಿ ಉದ್ದವಿರುವುದಿಲ್ಲ.

ಎಣಿಕೆಯನ್ನು ದಾಖಲೆಗೆ ಹೊಂದಿಸಬೇಕು: ಕೈದಿಗಳ ರಿಜಿಸ್ಟರ್, ಜೈಲು ಆಸ್ಪತ್ರೆಯ ಪುಸ್ತಕ, ಜನನ-ಮರಣ ನೋಂದಣಿ. 1969ರ ಕಾಯ್ದೆಯಂತೆ ಜೈಲಿನೊಳಗಿನ ಸಾವನ್ನು ಜೈಲರ್ ತಿಳಿಸಲೇಬೇಕು, ಆದ್ದರಿಂದ ಮೂರನೆಯದು ಹೊರಗೂ ಸಿಗುತ್ತದೆ. ಬೀದರ, ಕಲಬುರಗಿ ಕಡೆ 1948ಕ್ಕಿಂತ ಹಿಂದಿನವು ನಿಜಾಮರ ಕಾಲದ ಉರ್ದು ಕಾಗದಗಳು, ಇಸವಿ ಫಸಲಿಯಲ್ಲಿ (ಆಗಿನ ಕಂದಾಯ ವರ್ಷದ ಲೆಕ್ಕ). ಈಗಿನ ಇಸವಿಗೆ ತರಲು ಅದಕ್ಕೆ 590 ಕೂಡಿಸಿ, ಒಂದು ವರ್ಷದ ವ್ಯತ್ಯಾಸ ಇಟ್ಟುಕೊಳ್ಳಿ. ಎರಡು ದಾಖಲೆ ಹೊಂದದೆ ಯಾವ ಕಲ್ಲಿಗೂ ಹೆಸರು ಹಾಕಬೇಡಿ.

ಇನ್ನು ಜಾಲಿ. ಬೇರು ಕಿತ್ತರೆ ಎಲುಬು ಮೇಲೆ ಬರುತ್ತವೆ, ಜೆಸಿಬಿಯಂತೂ ಗೇಟಿನೊಳಗೇ ಬರಬಾರದು. ನೆಲಕ್ಕೆ ಸಮನಾಗಿ ಕೊಯ್ದು, ಹಸಿ ಆರುವ ಮೊದಲೇ ಬುಡಕ್ಕೆ ಕಳೆನಾಶಕ ಸವರಿ. ತಡವಾದರೆ ಮತ್ತೆ ಚಿಗುರುತ್ತದೆ. ಬೇರು ಒಳಗೇ ಕೊಳೆಯಲಿ. ಕಂಟಿಯೊಳಗೆ ಕೊಳಕುಮಂಡಲ ಇರುತ್ತದೆ, ಗಂಬೂಟು ಬೇಕೇ ಬೇಕು. ಎಲುಬು ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಮುಚ್ಚಿ, ಪೊಲೀಸರಿಗೆ ತಿಳಿಸಿ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಕುಣಿ ತೆರೆಯುವಂತಿಲ್ಲ. ಸ್ಮಶಾನದ ಅತಿಕ್ರಮಣಕ್ಕೆ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂ ಇದೆ.

ಗುರುತಿಗೆ ಶಹಾಬಾದ್ ಫರ್ಸಿಯೇ (ಹಾಸುಗಲ್ಲು) ಸಾಕು, 30×20 ಸೆಂಮೀ, 40 ಮಿಮೀ ದಪ್ಪ. ನಿಲ್ಲಿಸಿದರೆ ಎರಿ ಉಬ್ಬಿ ಕುಗ್ಗುವಾಗ ವಾಲುತ್ತದೆ, ನೀರಿಳಿದು ಪದರ ಬಿಡುತ್ತದೆ. ತಲೆಭಾಗದ ಆಚೆ, ಕುಣಿಗೆ ತಾಗದಂತೆ, 15 ಸೆಂಮೀ ಗರಸು ದಮ್ಮಸು ಮಾಡಿ ಮಲಗಿಸಿ. ಮಣ್ಣು ಮುಚ್ಚದಂತೆ ನೆಲಕ್ಕಿಂತ 5 ಸೆಂಮೀ ಎತ್ತರವಿರಲಿ. ಅಕ್ಷರ ಬಣ್ಣದಲ್ಲಿ ಬೇಡ, 5 ಮಿಮೀ ಆಳ ಕೊರೆಸಿ. ಸುಣ್ಣದ ಕಲ್ಲಿದು, ಆ್ಯಸಿಡ್ ಹಾಕಿದರೆ ಕರಗುತ್ತದೆ. ನೀರು, ನಾರಿನ ಬ್ರಶ್ ಇಷ್ಟೇ.

ಕಲ್ಲಿನ ಮೇಲೆ ಕೈದಿ ನಂಬರ್ ಬೇಡ. ಅದು ಶಿಕ್ಷೆಯ ನಂಬರ್. ನಕ್ಷೆಯ ನಂಬರನ್ನೇ ಕೊರೆಸಿ, ಮುಂದೆ ಹೆಸರು ಸಿಕ್ಕರೆ ಬರೆಯಲು ಕೆಳಗೆ ಒಂದು ಸಾಲು ಖಾಲಿ ಬಿಡಿ.